ಅಕ್ಕನಿಗೆ ಏನೂ ಆಗಲಿಲ್ಲ, ನನಗೇ ಯಾಕೆ ಇಷ್ಟೊಂದು? ಮುಟ್ಟು ನಿಲ್ಲುವ ವಯಸ್ಸಿನ ಪ್ರಶ್ನೋತ್ತರ

ಪ್ರಶ್ನೆ (ಹುಬ್ಬಳ್ಳಿ, 47 ವರ್ಷ, ಶಾಲಾ ಶಿಕ್ಷಕಿ):
ನಮಸ್ಕಾರ್ರಿ ಡಾಕ್ಟ್ರೇ. ಒಂದು ವರ್ಷದಿಂದ ಮುಟ್ಟು ಹಿಂದೆಮುಂದೆ ಆಗುತ್ತಿದೆ. ಒಮ್ಮೆ ಇಪ್ಪತ್ತೇ ದಿನಕ್ಕೆ ಬರುತ್ತದೆ, ಒಮ್ಮೆ ಎರಡೂವರೆ ತಿಂಗಳಾದರೂ ಪತ್ತೆ ಇರಲ್ಲ. ಅದು ಹೋಗಲಿ ಅಂದರೆ, ಪಾಠ ಮಾಡುತ್ತಾ ನಿಂತಾಗ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಒಮ್ಮೆಲೇ ಝಳ ಏರುತ್ತದೆ. ಕಿವಿ ಕೆಂಪಗಾಗುತ್ತವೆ, ಬ್ಲೌಸಿನ ಬೆನ್ನು ಪೂರ್ತಿ ಒದ್ದೆ. ಎರಡು ಮೂರು ನಿಮಿಷಕ್ಕೆ ಇಳಿದು ಆಮೇಲೆ ಚಳಿ ಚಳಿ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಹಾಜರಿ ಕರೆಯುವಾಗ ದಿನಾ ನೋಡುವ ಮಕ್ಕಳ ಹೆಸರೇ ನೆನಪಾಗಲ್ಲ. ಧಾರವಾಡದಲ್ಲಿರುವ ನಮ್ಮಕ್ಕನಿಗೆ 50ಕ್ಕೆ ನಿಂತಿತು, ಒಂದು ದಿನವೂ ತ್ರಾಸಾಗಲಿಲ್ಲವಂತೆ. "ನೀ ಎಲ್ಲಾದಕ್ಕೂ ಭಾಳ ವಿಚಾರ ಮಾಡ್ತಿ" ಅನ್ನುತ್ತಾಳೆ. ನಾನೇ ಜಾಸ್ತಿ ಮಾಡುತ್ತಿದ್ದೀನಾ? ಲ್ಯಾಬಿನವರು ಹಾರ್ಮೋನ್ ಟೆಸ್ಟಿನ ಪ್ಯಾಕೇಜ್ ಮಾಡಿಸಿ ಅಂತಿದ್ದಾರೆ, ಬೇಕಾ?

ಉತ್ತರ (ಸ್ತ್ರೀರೋಗ ತಜ್ಞೆ):
ಇಲ್ಲ ಮೇಡಂ, ನೀವು ಜಾಸ್ತಿ ಮಾಡುತ್ತಿಲ್ಲ. ನಿಮಗೆ ಆಗುತ್ತಿರುವುದೂ ನಿಜ, ಅಕ್ಕನಿಗೆ ಏನೂ ಆಗದೇ ಇದ್ದದ್ದೂ ನಿಜ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮುಟ್ಟು ನಿಲ್ಲುವ ವಯಸ್ಸು ಸ್ವಲ್ಪ ಹತ್ತಿರಹತ್ತಿರ ಇರಬಹುದು. ಆದರೆ ತ್ರಾಸು ಹಾಗೇ ಇರಬೇಕು ಅಂತ ಏನಿಲ್ಲ. ಗ್ರೂಪಿನಲ್ಲಿ ಬೇರೆಯವರೂ ಓದಲಿ ಅಂತ ಸ್ವಲ್ಪ ಉದ್ದ ಬರೆಯುತ್ತೇನೆ.

ಸತತ 12 ತಿಂಗಳು ಮುಟ್ಟು ಬರದಿದ್ದರೆ ಮಾತ್ರ ಅದು ನಿಂತಿದೆ ಅಂತ ಲೆಕ್ಕ. ನಮ್ಮ ದೇಶದಲ್ಲಿ ಇದು ಸರಾಸರಿ 46-47ಕ್ಕೆ ಆಗುತ್ತದೆ, ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ. ನೀವು ಈಗ ಇರುವುದು ಅದಕ್ಕೂ ಮೊದಲಿನ ಹಂತದಲ್ಲಿ. ಇದು ಕೆಲವು ವರ್ಷ ನಡೆಯುತ್ತದೆ. ಎಷ್ಟೋ ಜನರಿಗೆ ಮುಟ್ಟು ನಿಂತ ಮೇಲಿಗಿಂತ ಈ ಹಂತದಲ್ಲೇ ಕಷ್ಟ ಜಾಸ್ತಿ, ಯಾಕೆಂದರೆ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನ್ ಒಂದೇ ಸಮನೆ ಇಳಿಯುವುದಿಲ್ಲ. ಏರುತ್ತದೆ, ಧಡಕ್ಕನೆ ಇಳಿಯುತ್ತದೆ, ಮತ್ತೆ ಏರುತ್ತದೆ.

ಝಳ ಬರುವುದೂ ಅದರಿಂದಲೇ. ಮೈಯ ಬಿಸಿ ನೋಡಿಕೊಳ್ಳುವ ಭಾಗ ಮಿದುಳಿನಲ್ಲಿದೆ. ಈಸ್ಟ್ರೋಜೆನ್ ಕಡಿಮೆಯಾದಾಗ ಅದು ತೀರಾ ಸೂಕ್ಷ್ಮವಾಗುತ್ತದೆ. ಮೈ ಒಂಚೂರು ಬೆಚ್ಚಗಾದರೂ 'ವಿಪರೀತ ಸೆಖೆ' ಅಂತ ತಿಳಿದು ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಬೆವರು ಬಿಡಿಸುತ್ತದೆ. ಮೈ ತಣ್ಣಗಾದ ಮೇಲೆ ಚಳಿ. ಇದರಲ್ಲಿ ನಿಮ್ಮ ಮನಸ್ಸಿನ ತಪ್ಪೇನಿದೆ?

ಎಷ್ಟು ವರ್ಷ ಇರುತ್ತದೆ ಅನ್ನುವುದೂ ಒಬ್ಬೊಬ್ಬರಿಗೆ ಒಂದೊಂದು ಥರ. 1990ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ 'ಸ್ವಾನ್' ಅನ್ನುವ ಅಧ್ಯಯನದಲ್ಲಿ ಬೇರೆ ಬೇರೆ ಮೂಲದ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದರು. ಪದೇ ಪದೇ ಝಳ ಬರುತ್ತಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಅದು 7 ವರ್ಷಕ್ಕಿಂತ ಜಾಸ್ತಿ ಇತ್ತು. ಆಫ್ರಿಕನ್ ಮೂಲದವರಲ್ಲಿ ಸುಮಾರು 10 ವರ್ಷ, ಜಪಾನಿ ಮತ್ತು ಚೀನಿ ಮೂಲದವರಲ್ಲಿ ಸುಮಾರು 5 ವರ್ಷ. ನಮ್ಮ ಕಡೆಯ ಹೆಂಗಸರು ಝಳಕ್ಕಿಂತ ಕೀಲುನೋವು, ಸುಸ್ತು, ನಿದ್ದೆಗೇಡು ಅಂತಲೇ ಜಾಸ್ತಿ ಬರುತ್ತಾರೆ. ಬೀಡಿ ಸಿಗರೇಟು ಸೇದುವವರಿಗೆ ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಆಪರೇಷನ್‌ನಲ್ಲಿ ಎರಡೂ ಅಂಡಾಶಯ ತೆಗೆದಿದ್ದರೆ ರಾತ್ರೋರಾತ್ರಿ ಎಲ್ಲಾ ಒಟ್ಟಿಗೆ ಶುರುವಾಗುತ್ತದೆ, ಅದು ಬಹಳ ಜೋರು.

ಮಕ್ಕಳ ಹೆಸರು ಮರೆಯುವುದಕ್ಕೆ ಹೆದರಬೇಡಿ. ಅದಕ್ಕೆ ನಿದ್ದೆ ಕೆಟ್ಟದ್ದೂ ಕಾರಣ, ಹಾರ್ಮೋನ್ ಏರಿಳಿತವೂ ಕಾರಣ. ಬಹಳಷ್ಟು ಮಂದಿಗೆ ಆಮೇಲೆ ಸರಿಹೋಗುತ್ತದೆ.

ಇನ್ನು ಟೆಸ್ಟ್. 45 ದಾಟಿದೆ, ಮುಟ್ಟು ಏರುಪೇರಾಗಿದೆ, ಝಳ ಇದೆ. ಇಷ್ಟು ಸಾಕು, ಆ ಪ್ಯಾಕೇಜಿನ ಎಫ್‌ಎಸ್‌ಎಚ್ ಅನ್ನುವ ಹಾರ್ಮೋನ್ ಟೆಸ್ಟ್ ಬೇಡ. ಈ ಹಂತದಲ್ಲಿ ಅದು ಇವತ್ತೊಂದು ನಾಳೆ ಒಂದು ತೋರಿಸುತ್ತದೆ. ಆ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಮಾಡಿಸಿ, ಬಿಪಿ ನೋಡಿಸಿ. ಥೈರಾಯ್ಡ್ ಜಾಸ್ತಿ ಆದಾಗಲೂ ಬೆವರು, ಎದೆಬಡಿತ, ನಿದ್ದೆಗೇಡು ಹೀಗೇ ಬರುತ್ತವೆ. 40ಕ್ಕಿಂತ ಮೊದಲೇ ಮುಟ್ಟು ನಿಂತರೆ ಮಾತು ಬೇರೆ, ಆಗ ಹಾರ್ಮೋನ್ ಟೆಸ್ಟ್ ಬೇಕೇ ಬೇಕು.

ಪ್ರಶ್ನೆ (ಬ್ಯಾಡಗಿ, ತಾಯಿಯ ಪರವಾಗಿ ಮಗಳು):
ಮೇಡಂ, ನಮ್ಮವ್ವನಿಗೆ 44. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಮೈ ಉರಿ ಅಂತಾಳೆ, ಕಾಯಿಯ ಘಾಟಿಗೋ ಇದಕ್ಕೋ ತಿಳಿಯಲ್ಲ. ನಾಲ್ಕು ತಿಂಗಳಿಂದ ಮುಟ್ಟು ಬಂದರೆ ಹತ್ತು ದಿನ ಹೋಗುತ್ತದೆ, ಗಡ್ಡೆ ಗಡ್ಡೆಯಾಗಿ. ಮೆಟ್ಟಿಲು ಹತ್ತಿದರೆ ಏದುಸಿರು. "ನಿಲ್ಲೋ ಟೈಮಿಗೆ ಹಂಗೇ ಆಗ್ತೈತಿ" ಅಂತಾರೆ ಓಣಿಯವರು. ತೋರಿಸಿದ ಕಡೆ ಗರ್ಭಚೀಲ ತೆಗೆಸಿಬಿಡಿ ಅಂದರು. ಏನು ಮಾಡಬೇಕು?

ಉತ್ತರ:
ತಂಗಿ, ಓಣಿಯವರ ಮಾತನ್ನೂ ನಂಬಬೇಡ, ಆಪರೇಷನ್‌ಗೂ ಅವಸರ ಮಾಡಬೇಡ. ಮುಟ್ಟು ನಿಲ್ಲುವ ಮುಂಚೆ ದಿನಗಳು ಏರುಪೇರಾಗುವುದು ಸಹಜ. ಹತ್ತು ದಿನ ಗಡ್ಡೆಗಡ್ಡೆಯಾಗಿ ಹೋಗಿ ಏದುಸಿರು ಬರುವುದು ಸಹಜ ಅಲ್ಲ. ಅವ್ವನಿಗೆ ರಕ್ತ ಕಡಿಮೆಯಾಗಿರುವ ಸಂಭವ ಜಾಸ್ತಿ. ಈ ವಾರವೇ ಹಿಮೋಗ್ಲೋಬಿನ್ ಮಾಡಿಸು. ಗಂಟೆಗೊಂದು ಪ್ಯಾಡ್ ಅಥವಾ ಬಟ್ಟೆ ತೊಯ್ದು, ತಲೆ ತಿರುಗಿದರೆ ಬೆಳಗಾಗುವ ತನಕ ಕಾಯಬೇಡ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಆಮೇಲೆ ಸ್ಕ್ಯಾನಿಂಗ್. ಗರ್ಭಚೀಲದಲ್ಲಿ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ) ಗಡ್ಡೆ ಇದೆಯಾ, ಅದರ ಒಳಪದರ ದಪ್ಪಗಾಗಿದೆಯಾ ಗೊತ್ತಾಗುತ್ತದೆ. ಬೇಕು ಅನಿಸಿದರೆ ಒಳಪದರದ ಸ್ವಲ್ಪ ಭಾಗ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದು ಬಂದ ಮೇಲೇ ಆಪರೇಷನ್ ಮಾತು. ಬಹಳ ಜನರಿಗೆ ಗುಳಿಗೆಯಲ್ಲೇ ಹಿಡಿತಕ್ಕೆ ಬರುತ್ತದೆ. ಗರ್ಭಚೀಲದೊಳಗೆ ಇಡುವ ಹಾರ್ಮೋನ್ ಸಾಧನವೂ ಇದೆ, ನೋಡಲು ಕಾಪರ್-ಟಿ ಥರ. ಒಮ್ಮೆ ಇಟ್ಟರೆ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ದೊಡ್ಡ ಗಡ್ಡೆ, ಕ್ಯಾನ್ಸರ್, ಇಲ್ಲಾ ಯಾವ ಔಷಧಕ್ಕೂ ಬಗ್ಗದ ರಕ್ತಸ್ರಾವ ಇದ್ದರೆ ಆಪರೇಷನ್ ಸರಿಯೇ.

ನಿಮ್ಮ ಹಾವೇರಿ ಜಿಲ್ಲೆಯಲ್ಲೇ ಅಗತ್ಯವಿಲ್ಲದೆ ಗರ್ಭಚೀಲ ತೆಗೆದರು ಅಂತ ದೂರು ಎದ್ದು, ಹೆಂಗಸರು ಬೀದಿಗಿಳಿದು ಹೋರಾಡಿದ್ದನ್ನು ನೀನೂ ಕೇಳಿರಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲೋ (ಈಗಿನ ಹೆಸರು ಕೆಎಂಸಿಆರ್‌ಐ) ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. ತೆಗೆಸಲೇಬೇಕಾದರೆ "ಅಂಡಾಶಯ ಉಳಿಸುತ್ತೀರಾ?" ಅಂತ ಬಾಯಿಬಿಟ್ಟು ಕೇಳಿ. 44ಕ್ಕೆ ಅದೂ ಹೋದರೆ ಮೂಳೆ, ಹೃದಯ ಎರಡಕ್ಕೂ ಪೆಟ್ಟು. ಉಳಿಸಿದರೂ ಕೆಲವರಿಗೆ ಸ್ವಲ್ಪ ಮುಂಚೆ ಹಾರ್ಮೋನ್ ನಿಲ್ಲುತ್ತದೆ ಅನ್ನುವುದು ಗೊತ್ತಿರಲಿ.

ಮೈ ಉರಿ ಬಗ್ಗೆ: ಘಾಟಿನ ಉರಿ ಕೈ, ಕಣ್ಣು, ಮೂಗಿಗೆ ಹತ್ತಿ ತಾಸುಗಟ್ಟಲೆ ಇರುತ್ತದೆ. ಝಳ ಎದೆಯಿಂದ ಮೇಲಕ್ಕೆ ಏರಿ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ಕೆಲಸವಿಲ್ಲದ ದಿನ, ರಾತ್ರಿ ಮಲಗಿದಾಗಲೂ ಬರುತ್ತದಾ ಅಂತ ಅವ್ವನನ್ನು ಕೇಳು.

ಪ್ರಶ್ನೆ (ಗದಗ-ಬೆಟಗೇರಿ, 52 ವರ್ಷ):
ನನಗೆ ನಿಂತು ಎರಡು ವರ್ಷ. ಝಳ ಗಿಳ ಏನೂ ಬರಲಿಲ್ಲ. ಆದರೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗಲ್ಲ, ಬಲ ತೋಳು ಮೇಲೆತ್ತಲು ಆಗಲ್ಲ. ಮನೆಯಲ್ಲಿ ಕೈಮಗ್ಗ ಇದೆ, ಲಾಳಿ ಎಳೆಯುವುದೇ ಕಷ್ಟ. ಇನ್ನೊಂದು, ಹೇಳಲು ಮುಜುಗರ. ಮೂತ್ರಕ್ಕೆ ಹೋದರೆ ಉರಿ, ಆ ಜಾಗ ಒಣಗಿದ ಹಾಗೆ. ಮನೆಯವರ ಹತ್ತಿರ ಹೋಗಲೂ ಭಯ.

ಉತ್ತರ:
ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ಈ ಎರಡನೆಯದನ್ನು ಎಷ್ಟೋ ಜನ ಹತ್ತು ವರ್ಷ ನುಂಗಿಕೊಂಡು ಇರುತ್ತಾರೆ, ವಾಸಿಯಾಗುವ ತೊಂದರೆ ಅಂತಲೇ ಗೊತ್ತಿರುವುದಿಲ್ಲ. ಝಳ ಕಾಲಕ್ರಮೇಣ ತಾನಾಗಿ ಇಳಿಯುತ್ತದೆ. ಈ ಒಣಗುವಿಕೆ ತಾನಾಗಿ ಹೋಗುವುದಿಲ್ಲ, ಸುಮ್ನೆ ಬಿಟ್ಟರೆ ಜಾಸ್ತಿಯಾಗುತ್ತದೆ. ಈಸ್ಟ್ರೋಜೆನ್ ಇಲ್ಲದೆ ಆ ಭಾಗದ ಚರ್ಮ ತೆಳುವಾಗುತ್ತದೆ, ಮೂತ್ರನಾಳದ್ದೂ ಹಾಗೇ. ಅದರಿಂದ ಉರಿ, ಪದೇ ಪದೇ ಸೋಂಕು, ಕೂಡುವಾಗ ನೋವು. ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಒಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಇದೆ. ಮೊದಲ ಎರಡು ವಾರ ದಿನಾ, ಆಮೇಲೆ ವಾರಕ್ಕೆ ಎರಡು ಸಲ ಸಾಮಾನ್ಯ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇ ಹಚ್ಚಬೇಕು. ಸೋಪು, ಡೆಟಾಲ್ ಹಾಕಿ ತೊಳೆಯುವುದನ್ನು ಇವತ್ತೇ ಬಿಡಿ.

ತೋಳು ಎತ್ತಲು ಆಗದಿರುವುದು ಈ ವಯಸ್ಸಿನ ಹೆಂಗಸರಲ್ಲಿ ಬಹಳ. ಶುಗರ್ ಇದ್ದವರಿಗೆ ಇನ್ನೂ ಜಾಸ್ತಿ, ಅದಕ್ಕೇ ಶುಗರ್, ಥೈರಾಯ್ಡ್ ನೋಡಿಸಿ. ಬೆರಳಿನ ಬಿಗಿತ ಬೆಳಿಗ್ಗೆ ಅರ್ಧ ತಾಸಿಗಿಂತ ಜಾಸ್ತಿ ಇದ್ದು ಕೀಲು ಊದಿಕೊಂಡರೆ ಅದು ಸಂಧಿವಾತ ಆಗಿರಬಹುದು. ಅದನ್ನು 'ವಯಸ್ಸಿನ ನೋವು' ಅಂತ ತಳ್ಳಿಹಾಕಬೇಡಿ. ಮೂಳೆಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಜೋಳದ ರೊಟ್ಟಿಯಲ್ಲಿ ಅದು ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ರೊಟ್ಟಿ ಬಿಡಬೇಡಿ, ಜೊತೆಗೆ ಮೊಸರು, ಎಳ್ಳು, ಸೊಪ್ಪು ಇರಲಿ, ಒಂದು ಹೊತ್ತು ರಾಗಿ ಅಂಬಲಿ ಕುಡಿಯಿರಿ. ಮಗ್ಗದ ಮುಂದೆ ಕೂತೇ ದಿನ ಕಳೆಯುವವರು ಬಿಸಿಲಿನಲ್ಲಿ ಸ್ವಲ್ಪ ನಡೆಯಲೇಬೇಕು.

ಪ್ರಶ್ನೆ (ಹಾವೇರಿ, 54 ವರ್ಷ):
ನಿಂತು ಒಂದೂವರೆ ವರ್ಷ ಆಗಿತ್ತು. ಹೋದ ವಾರ ಎರಡು ದಿನ ಸ್ವಲ್ಪ ಕಂಡಿತು, ಈಗ ಇಲ್ಲ. ಮತ್ತೆ ಮುಟ್ಟು ಶುರುವಾಯಿತಾ?

ಉತ್ತರ:
ಮುಟ್ಟು ಅಂತ ಅಂದುಕೊಳ್ಳಬೇಡಿ. ವರ್ಷ ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು. ಬಹಳ ಸಲ ಕಾರಣ ಚಿಕ್ಕದೇ ಇರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ಹೀಗೇ ತೋರುತ್ತದೆ, ಬೇಗ ಸಿಕ್ಕರೆ ಗುಣವಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಬಯಾಪ್ಸಿ ಮಾಡುತ್ತೇವೆ, ಅಂದರೆ ಅದರ ಸ್ವಲ್ಪ ಭಾಗ ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಈ ವಾರವೇ ಹೋಗಿ, ನಿಂತಿತಲ್ಲ ಅಂತ ಬಿಡಬೇಡಿ.

ಪ್ರಶ್ನೆ (ಧಾರವಾಡ, ಪತಿ):
ಮೇಡಂ, ಗಂಡಸರು ಕೇಳಬಹುದಾ? ನನ್ನ ಹೆಂಡತಿಗೆ 46. ಸಣ್ಣ ಮಾತಿಗೂ ಸಿಟ್ಟು, ಆಮೇಲೆ ಅಳು. ನಿದ್ದೆ ಇಲ್ಲ. ಮೊದಲು ಹೀಗಿರಲಿಲ್ಲ.

ಉತ್ತರ:
ಖಂಡಿತ ಕೇಳಿ ಸರ್, ಇನ್ನಷ್ಟು ಗಂಡಸರು ಕೇಳಬೇಕು. ರಾತ್ರಿ ಮೂರು ಸಲ ಬೆವರಿ ಎದ್ದವರು ಬೆಳಿಗ್ಗೆ ಐದಕ್ಕೆ ಡಬ್ಬಿ ಕಟ್ಟಬೇಕೆಂದರೆ ಸಿಟ್ಟು ಬರದೇ ಇರುತ್ತದಾ? ಬೆಳಗಿನ ಕೆಲಸ ನೀವು ಹಂಚಿಕೊಳ್ಳಿ, ಅವರಿಗೆ ಒಂದು ತಾಸು ಹೆಚ್ಚು ನಿದ್ದೆ ಸಿಗಲಿ. "ಇದೆಲ್ಲ ನಿನ್ನ ಮುಟ್ಟಿಂದ" ಅಂತ ಜಗಳದ ನಡುವೆ ಮಾತ್ರ ಹೇಳಬೇಡಿ. ಹಿಂದೆ ಬಾಣಂತನದಲ್ಲಿ ಮನಸ್ಸು ಕುಗ್ಗಿದ್ದವರಿಗೆ ಈಗ ಮತ್ತೆ ಹಾಗಾಗುವ ಸಂಭವ ಜಾಸ್ತಿ. ಎರಡು ವಾರ ಸತತ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕು ಬೇಡ ಅನ್ನುವ ಮಾತು ಬಂದರೆ ನಿಮ್ಮ ಊರಲ್ಲೇ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆಸ್ಪತ್ರೆ) ಇದೆ, ಜೊತೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಹಣ ಬೇಡ.

ಪ್ರಶ್ನೆ (ಮೊದಲು ಕೇಳಿದ ಶಿಕ್ಷಕಿ):
ಡಾಕ್ಟ್ರೇ, ಓದಿ ಜೀವ ಹಗುರಾಯಿತು. ಹಾರ್ಮೋನ್ ಗುಳಿಗೆ ತಗೊಂಡರೆ ಕ್ಯಾನ್ಸರ್ ಬರುತ್ತದೆ ಅಂತಾರಲ್ಲ? ಮತ್ತೆ ಈ ವಯಸ್ಸಲ್ಲಿ ಗರ್ಭ ನಿಲ್ಲುವ ಭಯ ಇನ್ನೂ ಇದೆಯಾ?

ಉತ್ತರ:
ಆ ಭಯ ಬಂದದ್ದು 2002ರಲ್ಲಿ. ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಎರಡು ಹಾರ್ಮೋನ್ ಸೇರಿದ ಗುಳಿಗೆಯ ಭಾಗವನ್ನು ನಡುವೆಯೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಮಂದಿಯಲ್ಲಿ ಸುಮಾರು 8 ಹೆಚ್ಚಾಗಿತ್ತು. ಆದರೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. 60ರೊಳಗೆ, ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಜಾಸ್ತಿ. ಝಳಕ್ಕೆ ಇದರಷ್ಟು ಕೆಲಸ ಮಾಡುವ ಔಷಧ ಇಲ್ಲ. ಸ್ತನ ಕ್ಯಾನ್ಸರ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯಾಘಾತ, ಲಿವರ್ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಬೇಡ. ಅವರಿಗೆ ಹಾರ್ಮೋನ್ ಇಲ್ಲದ ಔಷಧಗಳಿವೆ. ಗರ್ಭಕೋಶ ಇದ್ದವರು ಈಸ್ಟ್ರೋಜೆನ್ ಒಂದನ್ನೇ ತಗೊಳ್ಳಬಾರದು, ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಜೊತೆಗೆ ಇರಲೇಬೇಕು. ಯಾರದ್ದೋ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಗೊಳ್ಳಬೇಡಿ.

ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ, ಆದರೆ ಇದೆ. 50ರೊಳಗೆ ಮುಟ್ಟು ನಿಂತರೆ ಆಮೇಲೆ ಎರಡು ವರ್ಷ, 50ರ ಮೇಲೆ ನಿಂತರೆ ಒಂದು ವರ್ಷ ಎಚ್ಚರಿಕೆ ಬೇಕು. ಎರಡೂವರೆ ತಿಂಗಳು ಬರಲಿಲ್ಲ ಅಂದಿರಲ್ಲ, ಮತ್ತೆ ಹಾಗಾದರೆ ಮೊದಲು ಮನೆಯಲ್ಲೇ ಒಂದು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ. ತೋರಿಸಲು ಹೋಗುವಾಗ ಮೂರು ತಿಂಗಳ ಮುಟ್ಟಿನ ತಾರೀಖು, ದಿನಕ್ಕೆ ಎಷ್ಟು ಸಲ ಝಳ, ರಾತ್ರಿ ಎಷ್ಟು ಸಲ ಎಚ್ಚರ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಬರೆಯಿರಿ, ಈಗ ತಗೊಳ್ಳುತ್ತಿರುವ ಗುಳಿಗೆಗಳ ಚೀಟಿಯೂ ಇರಲಿ.