ಅಪ್ಪನಿಗೆ ಮೈಕೋಸಿಸ್ ಫಂಗಾಯ್ಡಿಸ್: ಕೀಮೋ ಬೇಡವೇ?

ಅಪ್ಪನಿಗೆ 58 ವರ್ಷ. ತೊಡೆ, ಸೊಂಟದ ಮೇಲಿನ ತಿಳಿ ಮಚ್ಚೆಗಳಿಗೆ ಹುಳುಕಡ್ಡಿ ಅಂತ ವರ್ಷಗಟ್ಟಲೆ ಮುಲಾಮು ಹಚ್ಚಿದ್ದಾಯಿತು. ಈಗ ಬಯಾಪ್ಸಿಯಲ್ಲಿ ಮೈಕೋಸಿಸ್ ಫಂಗಾಯ್ಡಿಸ್, ಹಂತ 1ಎ ಅಂತ ಬಂದಿದೆ. ಚರ್ಮದ ಲಿಂಫೋಮಾ ಅಂತೆ. ಡಾಕ್ಟರು ಕೀಮೋ ಬೇಡ, ಲೈಟ್ ಸಾಕು ಅನ್ನುತ್ತಾರೆ. ಕ್ಯಾನ್ಸರ್‌ಗೆ ಬರೀ ಲೈಟಾ? ಅನುಭವ ಇದ್ದವರು ಹೇಳಿ.

ಅದೇ ಕಾಯಿಲೆ ಇರುವವರು:
ಧೈರ್ಯವಾಗಿರಿ, ನನ್ನದೂ ಇದೇ ಹಂತ. ಟಿ-ಕಣ ಅನ್ನುವ ಬಿಳಿ ರಕ್ತಕಣಗಳು ಚರ್ಮದಲ್ಲಿ ಠಿಕಾಣಿ ಹೂಡುವ ಕಾಯಿಲೆ ಇದು. 1ಎ ಅಂದರೆ ಮಚ್ಚೆ ಇರುವುದು ಚರ್ಮದ ಶೇ 10ಕ್ಕಿಂತ ಕಡಿಮೆ ಜಾಗದಲ್ಲಿ. ಬೆರಳೂ ಸೇರಿ ಅಪ್ಪನ ಒಂದು ಅಂಗೈ ಸುಮಾರು ಶೇ 1, ನೀವೇ ಅಳೆದು ನೋಡಿ. ಈ ಹಂತದ ಬಹುತೇಕರ ಆಯಸ್ಸು ಉಳಿದವರಷ್ಟೇ ಇರುತ್ತದೆ.

ಕೀಮೋ ಬೇಡ ಅನ್ನುವುದು ಸುಮ್ನೆ ಹೇಳುವ ಮಾತಲ್ಲ. 1989ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಕೆಲವರಿಗೆ ಶುರುವಿನಲ್ಲೇ ಕೀಮೋ, ರೇಡಿಯೇಶನ್ ಎರಡೂ ಕೊಟ್ಟು ನೋಡಿದ್ದರು. ಅಡ್ಡಪರಿಣಾಮ ಜಾಸ್ತಿಯಾಯಿತು, ಆಯಸ್ಸು ಜಾಸ್ತಿಯಾಗಲಿಲ್ಲ.

ಲೈಟ್ ಅಂದರೆ ನ್ಯಾರೋಬ್ಯಾಂಡ್ ಯುವಿಬಿ, ಒಂದು ಬಗೆಯ ಅಲ್ಟ್ರಾವಯಲೆಟ್ ಬೆಳಕು. ಬೀರುವಿನಂಥ ಪೆಟ್ಟಿಗೆ, ಒಳಗೆ ಸುತ್ತಲೂ ಉದ್ದುದ್ದ ಟ್ಯೂಬು. ಕಪ್ಪು ಕನ್ನಡಕ ಹಾಕಿ, ಗುಪ್ತಾಂಗ ಮುಚ್ಚಿಕೊಂಡು ನಿಲ್ಲಬೇಕು. ಮೊದಮೊದಲು ಬೆಳಕಿಗಿಂತ ಬಟ್ಟೆ ಬಿಚ್ಚಿ ಹಾಕಲೇ ಹೆಚ್ಚು ಹೊತ್ತು ಬೇಕು! ಆಮೇಲೆ ನಿಧಾನಕ್ಕೆ ಡೋಸ್ ಏರಿಸುತ್ತಾರೆ. ಮರುದಿನ ಚರ್ಮ ಕೆಂಪಾಗಿ ಉರಿದರೆ ಹೇಳದೆ ಇರಬೇಡಿ.

ನಿಜವಾದ ಕಷ್ಟ ಓಡಾಟದ್ದು. ವಾರಕ್ಕೆ ಎರಡು ಮೂರು ಸಲ, ಅದೂ ತಿಂಗಳುಗಟ್ಟಲೆ. ತೊನ್ನು, ಸೋರಿಯಾಸಿಸ್‌ಗೂ ಇದೇ ಯಂತ್ರ. ಹಾಗಾಗಿ ಹತ್ತಿರದ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದಲ್ಲಿ ಮೊದಲು ವಿಚಾರಿಸಿ.

ಅಮ್ಮನನ್ನು ನೋಡಿಕೊಂಡವರು:
ನಮ್ಮಮ್ಮನಿಗೆ ಮೊದಲು ಕುಷ್ಠದ ಅನುಮಾನ ಬಂದಿತ್ತು. ಆದರೆ ಮಚ್ಚೆ ಮೇಲೆ ಹತ್ತಿ ಸವರಿದರೆ ಗೊತ್ತಾಗುತ್ತಿತ್ತು, ಸ್ಪರ್ಶ ಹೋಗಿರಲಿಲ್ಲ. ಮೊದಲ ಬಯಾಪ್ಸಿಯಲ್ಲೂ ಏನೂ ಸ್ಪಷ್ಟವಾಗಲಿಲ್ಲ. ಈ ಕಾಯಿಲೆಯಲ್ಲಿ ಅದು ಮಾಮೂಲು. ಮತ್ತೆ ತೆಗೆಯುವ ಮುನ್ನ ಕೆಲವು ವಾರ ಸ್ಟೀರಾಯ್ಡ್ ಮುಲಾಮು ನಿಲ್ಲಿಸಿದ್ದರು. ಲೈಟ್‌ನಿಂದ ಮಚ್ಚೆ ಮಾಯವಾಯಿತು, ನಿಲ್ಲಿಸಿದ ಮೇಲೆ ಅಲ್ಲಲ್ಲಿ ಮರಳಿತು. ಈಗ ಮತ್ತೆ ಲೈಟ್ ನಡೀತಿದೆ. ಇದು ಬಿಪಿ, ಶುಗರ್ ತರಹ ಜೊತೆಗಿಟ್ಟುಕೊಂಡು ನಿಭಾಯಿಸುವ ಕಾಯಿಲೆ ಅಂತ ಅಪ್ಪನಿಗೆ ಈಗಲೇ ಹೇಳಿಬಿಡಿ.

ಆಂಕಾಲಜಿ ವಾರ್ಡಿನ ನರ್ಸ್:
ಮಚ್ಚೆ ಗಡ್ಡೆಯಾದರೆ, ಹುಣ್ಣಾದರೆ, ಕಂಕುಳು ಅಥವಾ ತೊಡೆಸಂದಿಯಲ್ಲಿ ಗಂಟು ಸಿಕ್ಕರೆ, ಮೈಯೆಲ್ಲ ಕೆಂಪಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಆಗ ಮೆಥೊಟ್ರೆಕ್ಸೇಟ್ ಔಷಧಿ, ಎಲೆಕ್ಟ್ರಾನ್ ಬೀಮ್ ಅನ್ನುವ ಚರ್ಮದ ರೇಡಿಯೇಶನ್ ಥರದ ದಾರಿಗಳಿವೆ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಮಚ್ಚೆಗಳ ಫೋಟೋ ತೆಗೆದಿಡಿ. ಡಾಕ್ಟರಿಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.