ಪಿಕಪ್ ಹೆಡ್‌ಲೈಟ್ ಮಂಕು: 100/90 ಹಾಕೋದಾ, ಎಲ್‌ಇಡಿನಾ?

ಘಾಟಿಲೋಡ್ ಕೇಳಿದ್ದು:

ನಮ್ಮದು 12 ವೋಲ್ಟಿನ ಪಿಕಪ್, ಎಂಟು ವರ್ಷ ಹಳೇದು. ಬಲ್ಬಿನ ತಳದ ಉಂಗುರದ ಮೇಲೆ ಎಚ್4, 60/55 ವ್ಯಾಟ್ ಅಂತ ಅಚ್ಚಿದೆ, ಅಂದ್ರೆ ಒಂದೇ ಬಲ್ಬಲ್ಲಿ ಬ್ರೈಟಿಗೆ 60, ಡಿಮ್‌ಗೆ 55. ವಾರಕ್ಕೆ ನಾಲ್ಕು ರಾತ್ರಿ ಹಾಸನದಿಂದ ಮಂಗಳೂರಿಗೆ ತರಕಾರಿ ಲೋಡು, ಶಿರಾಡಿ ಘಾಟಿ ಇಳೀಬೇಕು. ಡಿಮ್‌ನಲ್ಲಿ ರಸ್ತೆ ಅಂಚಿನ ಬಿಳಿ ಪಟ್ಟೆಯೇ ಕಾಣಲ್ಲ, ಮಳೆ ಹಿಡಿದರಂತೂ ಮುಗೀತು. ಅಂಗಡೀಲಿ ಮೂರು ಥರ ತೋರಿಸಿದರು: 100/90 ವ್ಯಾಟಿನ ಬಲ್ಬು, ಹಿಂದೆ ಫ್ಯಾನ್ ಇರೋ ಎಲ್‌ಇಡಿ, ಆಮೇಲೆ ಡಬ್ಬದ ಮೇಲೆ 'ಪ್ಲಸ್ 130' ಅಂತ ಬರೆದಿರೋ ಹ್ಯಾಲೊಜೆನ್. ಯಾವುದು ತಗೊಳ್ಳಲಿ? ವೈರಿಂಗ್ ಕಂಪನಿಯದ್ದೇ ಇದೆ, ರಿಲೇ ಏನೂ ಹಾಕಿಸಿಲ್ಲ.

ತಂತಿಮೇಷ್ಟ್ರು:

ಮೂರನ್ನೂ ಅಂಗಡೀಲೇ ಬಿಟ್ಟು ಬನ್ನಿ. ಮೊದಲು ಒಂದು ಮಲ್ಟಿಮೀಟರ್ ಹಿಡಿದು ನೋಡಿ. ಎಂಜಿನ್ ಓಡ್ತಿರಲಿ, ಡಿಮ್ ಹಾಕಿ. ಬ್ಯಾಟರಿಯ ಎರಡು ಟರ್ಮಿನಲ್ ಮಧ್ಯೆ ಎಷ್ಟು ವೋಲ್ಟ್ ಬರುತ್ತೆ ಬರ್ಕೊಳ್ಳಿ. ಆಮೇಲೆ ಬಲ್ಬಿನ ಹೋಲ್ಡರ್ ಹಿಂದಿನಿಂದ ಮೀಟರಿನ ಸೂಜಿ ತೂರಿಸಿ ಡಿಮ್ ಪಿನ್ನಿಗೂ ಅರ್ತ್ ಪಿನ್ನಿಗೂ ಮಧ್ಯೆ ಎಷ್ಟು ಬರುತ್ತೆ ನೋಡಿ. ಎಚ್4 ಹೋಲ್ಡರಿನಲ್ಲಿ ನೆತ್ತಿಯ ಅಡ್ಡ ಪಿನ್ನು ಡಿಮ್ಮು. ಪಕ್ಕದ ಎರಡರಲ್ಲಿ ಒಂದು ಬ್ರೈಟು, ಇನ್ನೊಂದು ಅರ್ತು. ಹೋಲ್ಡರನ್ನು ಬಲ್ಬಿಗೆ ಸಿಕ್ಕಿಸಿಯೇ ಇರಬೇಕು. ಕಿತ್ತು ಅಳೆದರೆ ಕರೆಂಟೇ ಹರಿಯಲ್ಲ, ಮೀಟರ್ ಪೂರ್ತಿ ವೋಲ್ಟ್ ತೋರಿಸಿ ನಿಮ್ಮನ್ನು ಯಾಮಾರಿಸುತ್ತೆ. ಕೊನೆಗೆ ಅರ್ತ್ ಪಿನ್ನಿಂದ ಬ್ಯಾಟರಿ ನೆಗೆಟಿವ್‌ಗೂ ಅಳೆಯಿರಿ. ಅಲ್ಲಿ 0.2 ದಾಟಿದರೆ ಅರ್ತ್ ಕೆಟ್ಟಿದೆ ಅಂತಲೇ.

ಎಚ್4 ಬಲ್ಬಿನ ಲೆಕ್ಕ 13.2 ವೋಲ್ಟಿಗೆ: ಡಿಮ್‌ಗೆ 1000 ಲ್ಯೂಮೆನ್ (ಬಲ್ಬು ಕೊಡೋ ಒಟ್ಟು ಬೆಳಕಿನ ಅಳತೆ), ಬ್ರೈಟಿಗೆ 1650. ವೋಲ್ಟ್ ಶೇಕಡಾ 10 ಇಳಿದರೆ ಬೆಳಕು ಇಳಿಯೋದು 10 ಅಲ್ಲ, ಸುಮಾರು 30.

ಕಟ್‌ಆಫ್:

ಎಲ್‌ಇಡಿ ವಿಚಾರ ನಾನು ಹೇಳ್ತೀನಿ. ನಿಮ್ಮ ರಿಫ್ಲೆಕ್ಟರನ್ನು, ಅಂದ್ರೆ ಬಲ್ಬಿನ ಸುತ್ತಲಿನ ಹೊಳೆಯೋ ಬಟ್ಟಲನ್ನು, ಕೊರೆದಿರೋದು ಸಣ್ಣ ಸುರುಳಿ ತಂತಿಗೆ. ಎಚ್4 ಬಲ್ಬನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಡಿಮ್ಮಿನ ತಂತಿಯ ಕೆಳಗೆ ಪುಟ್ಟ ದೋಣಿಯಂಥ ತಗಡಿದೆ. ಬೆಳಕು ಎದುರಿನವರ ಕಣ್ಣಿಗೆ ಹೋಗದಂತೆ ತಡೆಯೋದು ಅದೇ. ಎಲ್‌ಇಡಿಯಲ್ಲಿ ಚಿಪ್ಪು ಒಂದು ಹಲಗೆಯ ಎರಡು ಮಗ್ಗುಲಲ್ಲಿ ಕೂತಿರುತ್ತೆ. ಅದು ತಂತಿಯಿದ್ದ ಜಾಗಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಲಿಲ್ಲ ಅಂದ್ರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತೆ. ಬಾನೆಟ್ ಮುಂದಿನ ಹತ್ತು ಮೀಟರ್ ಹಾಲು ಚೆಲ್ಲಿದ ಹಾಗೆ, ಅದರಾಚೆ ಕತ್ತಲು. ಹತ್ತಿರದ ಆ ಬಿಳುಪಿಗೆ ಕಣ್ಣು ಒಗ್ಗಿಬಿಟ್ಟರೆ ದೂರದ ಹಳ್ಳ ಇನ್ನೂ ಕಾಣಲ್ಲ.

ಹಾಕಲೇಬೇಕು ಅಂತಿದ್ದರೆ ಕಾಲರ್ (ಬಲ್ಬನ್ನು ಕೂರಿಸೋ ಉಂಗುರ) ತಿರುಗಿಸಬಹುದಾದದ್ದನ್ನೇ ಕೇಳಿ. ಚಿಪ್ಪುಗಳು ಗಡಿಯಾರದ 3 ಮತ್ತು 9ರ ಕಡೆ ಇರಬೇಕು, ತಗಡು ಕೆಳಗೆ. ಗೋಡೆಗೆ ಬಿಟ್ಟು ನೋಡಿ, ಡಿಮ್‌ನಲ್ಲಿ ಬೆಳಕು ಮುಗಿದು ಕತ್ತಲು ಶುರುವಾಗೋ ಗೆರೆಯ ಮೇಲಕ್ಕೆ ಬೆಳಕು ಸೋರಿದರೆ ವಾಪಸ್ ಕೊಡಿ. ಇನ್ನೊಂದು ತೊಂದರೆ: ಫ್ಯಾನಿಗೆ ಜಾಗ ಸಾಲಲ್ಲ ಅಂತ ಹಿಂದಿನ ರಬ್ಬರ್ ಟೋಪಿ ಕಿತ್ತೆಸೀತಾರೆ. ಎರಡು ಮಳೆಗಾಲಕ್ಕೆ ಲೈಟಿನೊಳಗೆ ನೀರು, ಧೂಳು, ಪಾಚಿ. ಇದರ ಮೇಲೆ ಕಣ್ಣು ಕುಕ್ಕುವ ಎಲ್‌ಇಡಿಗೆ 2024ರಿಂದ ನಮ್ಮ ರಾಜ್ಯದ ಪೊಲೀಸರು ಕೇಸು ಹಾಕ್ತಿದ್ದಾರೆ.

ಘಾಟಿಲೋಡ್:

ಅಳೆದೆ. ಬ್ಯಾಟರೀಲಿ 14.0. ಎಡ ಬಲ್ಬಿಗೆ 12.1, ಬಲಕ್ಕೆ 11.6. ಬಲಗಡೆ ಅರ್ತ್ ಪಿನ್ನಲ್ಲಿ 0.5 ತೋರಿಸ್ತು, ಎಡಗಡೆ 0.1. ಹೋಲ್ಡರಿನ ಪ್ಲಾಸ್ಟಿಕ್ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿದೆ.

ತಂತಿಮೇಷ್ಟ್ರು:

ಸಿಕ್ತಲ್ಲ! 11.6ಕ್ಕೆ ಬಲಗಡೆ ಬರ್ತಿರೋದು ಸುಮಾರು 650 ಲ್ಯೂಮೆನ್, ಎಡಗಡೆ 750ರ ಆಸುಪಾಸು. ಬಲ್ಬಿನ ತಪ್ಪೇ ಅಲ್ಲ ಇದು. ಬ್ಯಾಟರಿಯಿಂದ ಫ್ಯೂಸ್ ಡಬ್ಬಿ, ಅಲ್ಲಿಂದ ಸ್ಟೀರಿಂಗ್ ಪಕ್ಕದ ಸ್ವಿಚ್, ಮತ್ತೆ ಮುಂದಕ್ಕೆ ತೆಳ್ಳನೆ ತಂತಿ. ಅಷ್ಟು ದೂರ ಅಲೆದು ಬರೋ ಹೊತ್ತಿಗೆ ಎರಡು ವೋಲ್ಟ್ ದಾರೀಲೇ ಕರಗ್ತಿದೆ.

ಈ ವೈರಿಂಗಿಗೆ 100/90 ಹಾಕಿದರೆ ಏನಾಗುತ್ತೆ ಲೆಕ್ಕ ಹಾಕಿ. ಡಿಮ್ 55ರಿಂದ 90ಕ್ಕೆ ಏರಿದರೆ ಕರೆಂಟು ಒಂದೂವರೆ ಪಟ್ಟಿಗೂ ಜಾಸ್ತಿ, ದಾರಿಯ ನಷ್ಟವೂ ಅಷ್ಟೇ ಏರುತ್ತೆ. ಬಲ್ಬಿಗೆ 11 ವೋಲ್ಟ್ ಸಿಕ್ಕರೆ ಪುಣ್ಯ, ಅಂದರೆ ಆ ಬಲ್ಬಿನ ಬೆಳಕಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು. ತಂತಿಯ ಬಿಸಿ ಮಾತ್ರ ಎರಡೂವರೆ ಪಟ್ಟು. ಮೊದಲು ಸ್ವಿಚ್ಚು ಕರಗುತ್ತೆ, ಆಮೇಲೆ ಕಂದಾಗಿರೋ ಆ ಹೋಲ್ಡರು, ಕೊನೆಗೆ ರಿಫ್ಲೆಕ್ಟರಿನ ಬೆಳ್ಳಿ ಹೊಳಪು. ರಸ್ತೆ ಮೇಲೆ ಓಡಿಸಲು ಅದಕ್ಕೆ ಮಂಜೂರಾತಿಯೂ ಇಲ್ಲ.

ರಿಲೇ ಕಿಟ್ ಹಾಕಿಸಿ. ರಿಲೇ ಅಂದ್ರೆ ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸೋ ಸ್ವಿಚ್ಚು; ಬಲ್ಬಿನ ಕರೆಂಟು ಹಳೇ ದಾರಿ ಬಿಟ್ಟು ಬ್ಯಾಟರಿಯಿಂದ ನೇರ ಬರುತ್ತೆ. ಡಿಮ್‌ಗೊಂದು, ಬ್ರೈಟಿಗೊಂದು ರಿಲೇ, ಸೆರಾಮಿಕ್ ಹೋಲ್ಡರ್ ಎರಡು. ಪ್ರತಿ ರಿಲೇಯ 30 ನಂಬರಿನ ಕಾಲಿಗೆ ಬ್ಯಾಟರಿ ಪಾಸಿಟಿವ್‌ನಿಂದ ನೇರ ತಂತಿ, ನಡುವೆ 15 ಆಂಪಿನ ಫ್ಯೂಸ್. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗಿರಲಿ. ದೂರ ಇಟ್ಟರೆ ಮಧ್ಯದ ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದಾಗ ಕಾಯೋರು ಯಾರೂ ಇಲ್ಲ. 87ರಿಂದ ಬಲ್ಬುಗಳಿಗೆ. 86ಕ್ಕೆ ಹಳೇ ಹೋಲ್ಡರಿನ ಡಿಮ್ ಅಥವಾ ಬ್ರೈಟ್ ತಂತಿ, 85 ಅರ್ತ್‌ಗೆ. ಹಳೇ ಹೋಲ್ಡರುಗಳಲ್ಲಿ ಒಂದು ಸಾಕು, ಇನ್ನೊಂದನ್ನು ನೀರು ಹೋಗದಂತೆ ಸುತ್ತಿ ಕಟ್ಟಿಬಿಡಿ. ತಂತಿ 2.5 ಸ್ಕ್ವೇರ್ ಎಂಎಂ, ಅರ್ತ್‌ಗೂ ಅಷ್ಟೇ ದಪ್ಪ. ಕೆಲವು ಕಿಟ್‌ಗಳಲ್ಲಿ ಪಾಸಿಟಿವ್ ದಪ್ಪ ಕೊಟ್ಟು ಅರ್ತ್‌ಗೆ ದಾರದಂಥ ತಂತಿ ಕೊಡ್ತಾರೆ, ಅದನ್ನು ಬದಲಾಯಿಸಿ. ಬಾಡಿ ಬೋಲ್ಟಿನ ಕೆಳಗಿನ ಪೇಂಟ್ ಕೆರೆದು ಲಗ್ (ತಂತಿ ತುದಿಯ ಲೋಹದ ಬಳೆ) ಕೂರಿಸಿ. ರಿಲೇಯ ಕಾಲುಗಳು ಕೆಳಮುಖವಾಗಿರಲಿ, ನೀರು ನಿಲ್ಲಲ್ಲ.

ಕೊಳ್ಳೋ ಮೊದಲು ಒಂದು ಪರೀಕ್ಷೆ: ಕೆಲವು ಗಾಡಿಗಳಲ್ಲಿ ಸ್ವಿಚ್ಚು ಅರ್ತ್ ಕಡೆ ಇರುತ್ತೆ, ಪಾಸಿಟಿವ್ ಎರಡಕ್ಕೂ ಒಂದೇ. ಅಂಥದ್ದಕ್ಕೆ ಸಾಮಾನ್ಯ ಕಿಟ್ ಸಿಕ್ಕಿಸಿದರೆ ಕೆಲಸ ಮಾಡಲ್ಲ. ನಿಮ್ಮ ಗಾಡಿಯಲ್ಲಿ ಅರ್ತ್ ಪಿನ್ನಲ್ಲಿ 0.1 ಬಂದಿದೆ ಅಂದರೆ ಆ ತೊಂದರೆ ಇಲ್ಲ.

ಗಾಜುಪೋಲಿಷ್:

ಎಂಟು ವರ್ಷದ ಗಾಡಿ ಅಂದ್ರಿ, ಲೆನ್ಸ್ ಹಳದಿಯಾಗಿಲ್ವಾ? ಬಿಸಿಲಿಗೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಮೇಲ್ಪದರ ಸುಟ್ಟಿರುತ್ತೆ. 1000 ನಂಬರಿನ ವಾಟರ್ ಪೇಪರ್, ಆಮೇಲೆ 2000, ನೀರು ಬಿಡ್ತಾ ಉಜ್ಜಿ. ಕಾಂಪೌಂಡ್ ಹಾಕಿ ಪಾಲಿಷ್ ಮಾಡಿ, ಮೇಲೆ ಯುವಿ ತಡೆಯೋ ಕ್ಲಿಯರ್ ಕೋಟ್ ಹೊಡೆಯಿರಿ. ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ವಿಡಿಯೊ ನೋಡಿ ಮೋಸ ಹೋಗಬೇಡಿ. ರಿಫ್ಲೆಕ್ಟರಿಗೆ ಮಾತ್ರ ಬಟ್ಟೆ ಮುಟ್ಟಿಸಬೇಡಿ, ಹೊಳಪಿನ ಪದರ ಕೈಗೇ ಬರುತ್ತೆ. ಒಳಗೆ ಕಪ್ಪಾಗಿದ್ದರೆ ಇಡೀ ಅಸೆಂಬ್ಲಿ ಬದಲಾಯಿಸೋದೇ ದಾರಿ.

ಘಾಟಿಲೋಡ್:

ರಿಲೇ ಹಾಕಿಸಿದೆ, ಲೆನ್ಸೂ ಉಜ್ಜಿಸಿದೆ. ಈಗ ಎರಡೂ ಕಡೆ 13.4. ಪ್ಲಸ್ 130 ಈಗ ಹಾಕಬಹುದಾ? ಲೋಡ್ ಇದ್ದಾಗ ಎದುರಿನವರು ಡಿಮ್ ಮಾಡು ಅಂತ ಫ್ಲ್ಯಾಶ್ ಹೊಡೀತಿದ್ದಾರೆ, ನಾನು ಡಿಮ್‌ನಲ್ಲೇ ಇರ್ತೀನಿ.

ಕಟ್‌ಆಫ್:

ಹಾಕಬಹುದು. ಆದರೆ 130 ಅಂದ್ರೆ ಒಟ್ಟು ಬೆಳಕು ಎರಡು ಪಟ್ಟಿಗಿಂತ ಹೆಚ್ಚು ಅಂತಲ್ಲ. ಕಾನೂನು ಕೇಳೋ ಕನಿಷ್ಠಕ್ಕೆ ಹೋಲಿಸಿ, ರಸ್ತೆಯ ಒಂದು ಜಾಗದಲ್ಲಿ ಬೀಳೋ ಬೆಳಕಿನ ಲೆಕ್ಕ ಅದು. ವ್ಯಾಟು ಅದೇ 60/55, ತಂತಿಯನ್ನು ಬಿಗಿಯಾಗಿ ಸುತ್ತಿರ್ತಾರೆ. ಫಿಲಿಪ್ಸ್ ಎಕ್ಸ್‌ಟ್ರೀಮ್‌ವಿಷನ್, ಒಸ್ರಾಮ್ ನೈಟ್ ಬ್ರೇಕರ್ ಈ ಜಾತಿಯವು. ದೂರ ಚೆನ್ನಾಗಿ ಕಾಣುತ್ತೆ, ಬಾಳಿಕೆ ಕಮ್ಮಿ. ವಾರಕ್ಕೆ ನಾಲ್ಕು ರಾತ್ರಿ ಓಡೋ ಗಾಡಿಗೆ ಒಂದು ಸಾದಾ ಜೋಡಿಯನ್ನು ಡ್ಯಾಶ್‌ಬೋರ್ಡಲ್ಲಿ ಇಟ್ಕೊಳ್ಳಿ. ನೀಲಿ ಬಣ್ಣ ಬಳಿದ ಬಲ್ಬು ಬೇಡವೇ ಬೇಡ, ಆ ಬಣ್ಣವೇ ಬೆಳಕನ್ನು ತಿನ್ನುತ್ತೆ. ಅಂಗಡೀಲಿ 24 ವೋಲ್ಟ್ 75/70 ಎತ್ತಿ ಕೊಟ್ಟಾರು, ಉಂಗುರ ಓದಿ. ಗಾಜು ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಕಡೆ ಗಾಜು ಅತಿಯಾಗಿ ಕಾದು ಒಡೆಯುತ್ತೆ. ಮುಟ್ಟಿದ್ದರೆ ಸ್ಪಿರಿಟ್ ಹಚ್ಚಿ ಒರೆಸಿ.

ಫ್ಲ್ಯಾಶ್ ಹೊಡೆಯೋದಕ್ಕೆ ಕಾರಣ ಲೋಡು. ಹಿಂದಿನ ಸ್ಪ್ರಿಂಗ್ ಪ್ಲೇಟ್ ಬಾಗಿದರೆ ಮೂತಿ ಮೇಲೇಳುತ್ತೆ. ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗಿನ ತಿರುಗಣಿ ಇದ್ದರೆ ಖಾಲಿ ಗಾಡಿಗೆ 0, ಲೋಡಿಗೆ 2 ಅಥವಾ 3. ಅದಿಲ್ಲದಿದ್ದರೆ ಸಾಮಾನ್ಯವಾಗಿ ಹಾಕೋ ಲೋಡ್ ಹೇರಿ, ಟೈರಿನ ಗಾಳಿ ಸರಿ ಮಾಡಿ, ಮಟ್ಟಸ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಬಲ್ಬಿನ ಎತ್ತರಕ್ಕೆ ಗೋಡೆ ಮೇಲೆ ಸುಣ್ಣದ ಕಡ್ಡೀಲಿ ಗೆರೆ ಎಳೆದು, ಡಿಮ್ಮಿನ ಅಂಚು ಅದಕ್ಕಿಂತ 10ರಿಂದ 12 ಸೆಂಟಿಮೀಟರ್ ಕೆಳಗೆ ಬರೋ ತನಕ ಸ್ಕ್ರೂ ತಿರುಗಿಸಿ. ಅಂಚು ಎಡಗಡೆಗೆ ಮೇಲೇರಬೇಕು. ಬಲಕ್ಕೆ ಏರಿದರೆ ಅದು ಬಲಬದಿ ಸಂಚಾರದ ದೇಶಗಳಿಗೆ ಮಾಡಿದ ಅಸೆಂಬ್ಲಿ.