ಮಳೆ ಮುಗೀತು, ಜ್ವರ ಶುರುವಾಯ್ತು: ಶಾಲೆಗೆ ಹೋಗೋ ಮಕ್ಕಳಿಗೆ ಏನು ಮಾಡ್ತೀರಿ?

ಕೇಳಿದವರು, ಮುಲುಂಡ್: ನಾವು ಜೂನ್‌ನಲ್ಲಿ ದಾವಣಗೆರೆಯಿಂದ ಮುಂಬೈಗೆ ಬಂದವರು. ಮಗ ಮೂರನೇ ಕ್ಲಾಸ್, ಮಗಳು ಸೀನಿಯರ್ ಕೆಜಿ. ಮಳೆ ನಿಂತರೆ ಕಾಯಿಲೆ ಕಡಿಮೆಯಾಗುತ್ತೆ ಅಂದುಕೊಂಡಿದ್ದೆ. ಈಗ ನೋಡಿದರೆ ಸೊಸೈಟಿ ಗ್ರೂಪ್ ತುಂಬಾ ಡೆಂಗಿ, ಮಲೇರಿಯಾ ಮಾತೇ. ಎದುರಿಗೇ ಪರೀಕ್ಷೆ, ಆಮೇಲೆ ದೀಪಾವಳಿ. ಇಲ್ಲಿ ಮಕ್ಕಳನ್ನು ಬೆಳೆಸಿದವರು ದಯವಿಟ್ಟು ಹೇಳಿ.

ಥಾಣೆಯಿಂದ: ಇಲ್ಲಿ ಮಳೆ ನಿಂತ ಮೇಲೂ ಕಾಟ ತಪ್ಪಲ್ಲ ತಂಗಿ. ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಮುಂಗಾರು ಮುಂಬೈ ಬಿಡುತ್ತೆ, ಬಿಸಿಲು 35 ಡಿಗ್ರಿಗೆ ಏರುತ್ತೆ. ನಿಂತ ನೀರು ಮಾತ್ರ ಅಲ್ಲಲ್ಲೇ ಇರುತ್ತೆ. ಡೆಂಗಿ ಸೊಳ್ಳೆಗೆ ಒಂದು ಬಾಟಲಿ ಮುಚ್ಚಳದಷ್ಟು ನೀರಿದ್ದರೂ ಸಾಕು. ಮೊಟ್ಟೆ ಇಟ್ಟ ವಾರ, ಹತ್ತು ದಿನಕ್ಕೆ ಹೊಸ ಸೊಳ್ಳೆ ಹಾರುತ್ತೆ.

ನಮ್ಮ ಪಕ್ಕದ ಮನೆಗೆ ಮುನ್ಸಿಪಾಲಿಟಿಯವರು ಟಾರ್ಚ್ ಹಿಡಿದು ತಪಾಸಣೆಗೆ ಬಂದಿದ್ದರು. ಬಾಲ್ಕನಿ ಕುಂಡಗಳನ್ನೆಲ್ಲ ನೋಡಿ, ಕೊನೆಗೆ ಫ್ರಿಜ್ ಹಿಂದಿನ ಟ್ರೇ ಎಳೆದರು. ಕೂದಲೆಳೆಯಂಥ ಮರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ಬೆಳಕು ಬಿದ್ದ ಕೂಡಲೇ ಪುಳಪುಳ ತಳಕ್ಕಿಳಿದವು. ಆ ಮನೆ ನಮ್ಮ ಮನೆಗಿಂತ ಚೊಕ್ಕ! ಮನಿ ಪ್ಲಾಂಟ್ ಬಾಟಲಿ, ಕೂಲರ್, ಎಸಿ ನೀರು ಬೀಳೋ ಬಕೆಟ್ ಎಲ್ಲ ನೋಡಿ. ಸುಮ್ನೆ ನೀರು ಚೆಲ್ಲಿದರೆ ಆಗಲ್ಲ. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ. ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಿ.

ಇನ್ನೊಂದು, ಈ ಸೊಳ್ಳೆ ಕಚ್ಚೋದು ಹೆಚ್ಚಾಗಿ ಹಗಲಲ್ಲಿ. ರಾತ್ರಿ ಪರದೆ ಕಟ್ಟಿ ನಾವು ನೆಮ್ಮದಿಯಾಗಿರ್ತೇವೆ, ಮಕ್ಕಳು ಹಗಲೆಲ್ಲ ಚಡ್ಡಿ, ಸ್ಕರ್ಟ್‌ನಲ್ಲಿ ಬೆಂಚಿನ ಮೇಲೆ. ನಾವು ನಾಲ್ಕೈದು ಅಮ್ಮಂದಿರು ಸೇರಿ ಪ್ರಿನ್ಸಿಪಾಲರ ಹತ್ತಿರ ಹೋಗಿ, ದೀಪಾವಳಿವರೆಗೆ ಪಿಟಿ ಪ್ಯಾಂಟನ್ನೇ ದಿನಾ ಹಾಕಿಸಲು ಒಪ್ಪಿಸಿದೆವು. ಒಬ್ಬರೇ ಹೋದರೆ ‘ನೋಡೋಣ’ ಅಂತಾರೆ ಅಷ್ಟೆ. ಪರದೆ ಬಿಡಬೇಡಿ, ಮಲೇರಿಯಾ ಸೊಳ್ಳೆ ರಾತ್ರಿಯದು.

ನವಿ ಮುಂಬೈಯಿಂದ: ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್, ತವರು ಬೆಳಗಾವಿ. ಸೊಳ್ಳೆ ವಿಷಯ ಅಕ್ಕ ಹೇಳಿದರು, ನಾನು ಜ್ವರದ್ದು ಹೇಳ್ತೀನಿ. ಪರೀಕ್ಷೆ ಇದೆ ಅಂತ ಜ್ವರ ಬಿಟ್ಟ ದಿನವೇ ಮಗುವನ್ನು ಶಾಲೆಗೆ ಅಟ್ಟಬೇಡಿ. ಡೆಂಗಿಯಲ್ಲಿ ಅಪಾಯ ಜಾಸ್ತಿ ಇರೋದು ಜ್ವರ ಇಳಿಯುವಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಬಿಡುತ್ತೆ, ಮನೆಯವರು ‘ಅಬ್ಬಾ, ಬಚಾವ್’ ಅಂತಾರೆ. ಕೆಲವು ಮಕ್ಕಳಿಗೆ ಅದೇ ಹೊತ್ತಿನಲ್ಲಿ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಕುಸಿಯುತ್ತೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಕರೆದರೂ ಮಂಕಾಗಿರೋದು, ಗಂಟೆಗಟ್ಟಲೆ ಮೂತ್ರ ಹೋಗದಿರೋದು. ಇದರಲ್ಲಿ ಒಂದು ಕಂಡರೂ ರಾತ್ರಿ ಎರಡಾಗಿದ್ದರೂ ಆಸ್ಪತ್ರೆಗೆ ಹೊರಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಮಗುವಿನ ತೂಕ ನೋಡಿ ಡಾಕ್ಟರ್ ಹೇಳಿದಷ್ಟು. ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಭಯ ಇರುತ್ತೆ. ಕೆಲವು ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಸೇರಿಸಿರುತ್ತಾರೆ. ಮೆಡಿಕಲ್‌ನಲ್ಲಿ ಕೊಟ್ಟಿದ್ದನ್ನು ಹಾಗೇ ಕುಡಿಸದೆ ಲೇಬಲ್ ಓದಿ. ಡೆಂಗಿ ಪತ್ತೆ ಮಾಡೋ ಎನ್ಎಸ್1 ರಕ್ತದ ಟೆಸ್ಟ್ ಜ್ವರದ ಮೊದಲ ಐದು ದಿನದೊಳಗೆ ಮಾಡಿಸಿದರೆ ಉಪಯೋಗ. ಅದರ ಜೊತೆಗೇ ಮಲೇರಿಯಾ ಟೆಸ್ಟೂ ಕೇಳಿ, ಮುಂಬೈಯಲ್ಲಿ ಎರಡನ್ನೂ ನೋಡಲೇಬೇಕು. ಮಗು ಗಾಯದ ಕಾಲಲ್ಲಿ ರಸ್ತೆಯ ಮಳೆನೀರು ತುಳಿದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಇಲಿಜ್ವರ ಹಾಗೆಯೇ ಬರೋದು.

ಪುಣೆಯಿಂದ: ನಮ್ಮಲ್ಲಿ ಬೆಳಿಗ್ಗೆ ರಿಕ್ಷಾ ಕಾಕಾ ಬರುವಾಗ ಚಳಿ, ಮಧ್ಯಾಹ್ನ ಬಿಡುವಾಗ ಬೆವರು. ನೆಗಡಿ ಇದ್ದದ್ದೇ, ಅದಕ್ಕೆ ತಲೆ ಕೆಡಿಸಿಕೊಳ್ಳಲ್ಲ. ನನಗೆ ಭಯ ಪಟಾಕಿಯದು, ದೊಡ್ಡವನಿಗೆ ಅಸ್ತಮಾ. ಶಬ್ದ ಇಲ್ಲ ಅಂತ ಚಿಕ್ಕ ಮಕ್ಕಳ ಕೈಗೆ ಹಾವಿನ ಮಾತ್ರೆ ಕೊಡ್ತಾರಲ್ಲ, ಇಲ್ಲಿನ ಚೆಸ್ಟ್ ರಿಸರ್ಚ್ ಫೌಂಡೇಶನ್‌ನವರು ಕೆಲವು ಬಗೆಯ ಪಟಾಕಿಗಳ ಹೊಗೆ ಅಳೆದಾಗ ಸಣ್ಣ ಕಣಗಳಲ್ಲಿ ಎಲ್ಲಕ್ಕಿಂತ ಮುಂದೆ ಇದ್ದದ್ದು ಅದೇ. ಸರಮಾಲೆಯನ್ನೂ ಮೀರಿಸಿತ್ತು. ಮಗು ಅದನ್ನು ಬಗ್ಗಿ ನೋಡೋದರಿಂದ ಹೊಗೆ ನೇರ ಮೂಗಿಗೆ. ನಮ್ಮ ಮನೆಗೆ ಅದು ಬರೋದೇ ಇಲ್ಲ. ಹತ್ತಿಕೊಳ್ಳದ ಹೂಕುಂಡವನ್ನು ಮತ್ತೆ ಬಗ್ಗಿ ನೋಡಲೂ ಬಿಡಬೇಡಿ. ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಐಸ್ ಎರಡೂ ಬೇಡ. ಅತ್ತೆಯವರು ಪೇಸ್ಟ್ ತಂದೇ ತರ್ತಾರೆ, ಮೊದಲೇ ಹೇಳಿಡಿ!

ವಾಸ್ಕೋದಿಂದ: ಗೋವಾದಲ್ಲಿ ನರಕ ಚತುರ್ದಶಿ ಹಿಂದಿನ ರಾತ್ರಿಯಿಡೀ ನರಕಾಸುರನ ಮೆರವಣಿಗೆ, ಬೆಳಗಿನ ಜಾವ ದಹನ. ಮಕ್ಕಳು ಬಿಡಲ್ಲ, ಕರ್ಕೊಂಡು ಹೋಗ್ತೀವಿ. ಸ್ಪೀಕರ್ ಪಕ್ಕ ನಿಲ್ಲಿಸಲ್ಲ, ಹನ್ನೊಂದಕ್ಕೆ ವಾಪಸ್. ಅಳು ಒಂದೈದು ನಿಮಿಷ ಅಷ್ಟೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಫ್ರಿಜ್ ಟ್ರೇ ಈಗಲೇ ಎಳೆದು ನೋಡ್ತೀನಿ. ನರ್ಸ್ ಅಕ್ಕಾ, ಪಪ್ಪಾಯಿ ಎಲೆ ರಸ ಕೊಡಬಹುದಾ? ನಮ್ಮತ್ತೆ ಊರಿಂದ ಫೋನ್ ಮಾಡಿ ಅದನ್ನೇ ಹೇಳ್ತಿದ್ದಾರೆ.

ನವಿ ಮುಂಬೈಯಿಂದ: ಹಿರಿಯರ ಜೊತೆ ಜಗಳ ಬೇಡ, ಆದರೆ ಅದನ್ನೇ ನಂಬಿ ಕೂರಬೇಡಿ. ಆ ಕಹಿಗೆ ಮಕ್ಕಳು ವಾಂತಿ ಮಾಡಿಕೊಂಡು ಕುಡಿದ ನೀರೂ ಹೊರಗೆ ಹಾಕ್ತಾವೆ. ಗಂಜಿ, ಎಳನೀರು, ಓಆರ್‌ಎಸ್ ಚಮಚ ಚಮಚವಾಗಿ ಕೊಡ್ತಾ ಇರಿ. ಒಂದು ಲೀಟರ್‌ನ ಓಆರ್‌ಎಸ್ ಪ್ಯಾಕೆಟ್ ಆದರೆ ಲೀಟರ್ ನೀರಿಗೆ ಪೂರ್ತಿ ಹಾಕಿ, ಲೋಟಕ್ಕೆ ಚೂರು ಚೂರು ಕಲಸಬೇಡಿ. ಟೆಸ್ಟಿಗೆ ಪ್ರೈವೇಟ್ ಲ್ಯಾಬ್ ದುಬಾರಿ ಅನಿಸಿದರೆ ಹತ್ತಿರದ ‘ಆಪ್ಲಾ ದವಾಖಾನಾ’ದಲ್ಲಿ ವಿಚಾರಿಸಿ, ಮುಂಬೈ ಮಹಾನಗರಪಾಲಿಕೆಯದು. ಅಲ್ಲಿ ಡಾಕ್ಟರ್ ಫೀಸೂ ಇಲ್ಲ, ಔಷಧಿಗೂ ದುಡ್ಡಿಲ್ಲ.